30 ಸಾವಿರ ಇದೆ, ಫೋಟೋಗ್ರಫಿ ಕಲಿಯಬೇಕು: ನಂದಿ ಬೆಟ್ಟಕ್ಕೆ ಆಮೇಲೆ ಹೋಗಿ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವನು. ಮನೆಯಲ್ಲಿ ರೇಷ್ಮೆ ಬೆಳೆ. ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಫೋಟೋಗ್ರಫಿ ಕಲಿಯಬೇಕೆಂದು 30 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಅಷ್ಟಕ್ಕೆ ಬರುವ ಕ್ಯಾಮೆರಾದಲ್ಲಿ ಏನೂ ಆಗಲ್ಲ, ಇಎಂಐನಲ್ಲಿ ದೊಡ್ಡದನ್ನೇ ತಗೋ ಅನ್ನುತ್ತಾನೆ ಗೆಳೆಯ. ನನಗೆ ನಂದಿ ಬೆಟ್ಟದ ಸೂರ್ಯೋದಯ ತೆಗೆಯುವ ಆಸೆ. ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡಲೇಬೇಕಾ? ಮುಂದೆ ಮದುವೆ ಫೋಟೋ ತೆಗೆದು ಸ್ವಲ್ಪ ದುಡಿಯಬಹುದಾ?

ಉತ್ತರ: ಇಎಂಐ ಬೇಡ. ಕ್ಯಾಮೆರಾ ಡಬ್ಬದಿಂದ ಹೊರಗೆ ಬಂದ ದಿನವೇ ಬೆಲೆ ಇಳಿಯಲು ಶುರು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಿಂಗಳು ತಿಂಗಳು ಕಂತು ಕಟ್ಟುವವನಿಗೆ ಕಲಿಯುವ ಪುರುಸೊತ್ತು ಇರುವುದಿಲ್ಲ. ಕೈಗೆ ಕ್ಯಾಮೆರಾ ಬಂದ ಮೂರನೇ ವಾರಕ್ಕೇ ಯಾರದ್ದೋ ನಾಮಕರಣ ಒಪ್ಪಿಕೊಳ್ಳುತ್ತಾನೆ. ಆಮೇಲೆ ಆಟೋ ಮೋಡಿನಲ್ಲೇ ಕಾಲ ಕಳೆಯುತ್ತಾನೆ.

ನಿಮ್ಮ ದುಡ್ಡು ಸಾಕು, ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲು ಮನಸ್ಸಿದ್ದರೆ. ದೊಡ್ಡ ಕಂಪನಿಗಳೆಲ್ಲ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ತಿರುಗಿವೆ. ಹೀಗಾಗಿ ಚೆನ್ನಾಗಿರುವ ಡಿಎಸ್‌ಎಲ್‌ಆರ್‌ಗಳನ್ನು, ಅಂದರೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾಗಳನ್ನು, ಜನ ಮಾರುತ್ತಿದ್ದಾರೆ. ಕ್ಯಾನನ್ 1500ಡಿ ಅಥವಾ ನಿಕಾನ್ ಡಿ3500 ನೋಡಿ. ಎರಡೂ 2018ರಲ್ಲಿ ಬಂದವು, ಎರಡರಲ್ಲೂ 24 ಮೆಗಾಪಿಕ್ಸೆಲ್. ಇದರ ಚಿತ್ರವನ್ನು ಇಪ್ಪತ್ತು ಇಂಚು ಅಗಲಕ್ಕೆ ಪ್ರಿಂಟ್ ಹಾಕಿದರೂ ಒಡೆಯುವುದಿಲ್ಲ. ನಿಮ್ಮ ಗೆಳೆಯರು ಅದಕ್ಕಿಂತ ದೊಡ್ಡದಾಗಿ ಎಲ್ಲಿ ತೂಗುಹಾಕುತ್ತಾರೋ ಗೊತ್ತಿಲ್ಲ! ನಿಕಾನ್‌ನ ಬ್ಯಾಟರಿ ಜಾಸ್ತಿ ಬಾಳುತ್ತದೆ. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 1,550 ಚಿತ್ರ, ಕ್ಯಾನನ್‌ಗೆ 500. ಆದರೆ ಡಿ3500ರ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಎಎಫ್-ಡಿ ಅಂತ ಬರೆದಿರುವ ಹಳೆಯ ಅಗ್ಗದ ಲೆನ್ಸ್ ಹಾಕಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಕ್ಯಾನನ್‌ನಲ್ಲಿ ಆ ತಾಪತ್ರಯ ಇಲ್ಲ. ಇವೆರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಬದಲು ನಿಮ್ಮ ಪರಿಚಯದವರ ಹತ್ತಿರ ಯಾವ ಕಂಪನಿಯ ಲೆನ್ಸ್ ಇದೆ ಅಂತ ವಿಚಾರಿಸಿ. ಒಂದೆರಡು ದಿನಕ್ಕೆ ಕೇಳಿ ತರಬಹುದಾದ ಲೆನ್ಸ್ ಇದ್ದರೆ ಅದೇ ಕಂಪನಿ ತೆಗೆದುಕೊಳ್ಳಿ. ಇನ್ನೂ ಅಗ್ಗ ಅಂತ ಕ್ಯಾನನ್ 3000ಡಿ ಕಡೆ ಮಾತ್ರ ಹೋಗಬೇಡಿ. ಅದರಲ್ಲಿ ಲೆನ್ಸ್ ಕೂರುವ ಮೌಂಟ್ ಪ್ಲಾಸ್ಟಿಕ್‌ನದು.

ಕೊಳ್ಳಲು ಹಗಲಲ್ಲೇ ಹೋಗಿ. ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗೆ ತೆಳು ಎಳೆ ಎಳೆಯಾಗಿ ಹರಡಿದ ಬಿಳಿ ಗುರುತು ಕಂಡರೆ ಅದು ಫಂಗಸ್. ಬೆಲೆ ಎಷ್ಟೇ ಇಳಿಸಿದರೂ ಬೇಡ. ಆಮೇಲೆ ಎಫ್ 16 (ಲೆನ್ಸಿನ ಕಿಂಡಿಯ ಅಗಲ ಹೇಳುವ ಅಂಕಿ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟು ಬರೀ ಆಕಾಶದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಅದು ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳು, ತೆಗೆಸಬಹುದು. ಗೀರು ಕಂಡರೆ ಎದ್ದು ಬನ್ನಿ. ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ನಿಕಾನ್‌ನಲ್ಲಿ ಪ್ರತಿ ಚಿತ್ರದ ಮಾಹಿತಿಯೊಳಗೇ ಇರುತ್ತದೆ. ಕ್ಯಾನನ್‌ನ ಈ ಮಾಡೆಲ್‌ಗಳಲ್ಲಿ ಅದು ಸಿಗುವುದಿಲ್ಲ, ಬೇರೆ ಸಾಫ್ಟ್‌ವೇರ್ ಬೇಕು. ಶಟರ್ ಬಿದ್ದ ಲೆಕ್ಕ ಮೂವತ್ತು ಸಾವಿರದೊಳಗೆ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಮದುವೆ ಸ್ಟುಡಿಯೋದಲ್ಲಿ ದುಡಿದ ಬಾಡಿಯಾದರೆ ಎರಡು ಸಲ ಯೋಚಿಸಿ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ (18ರಿಂದ 55 ಎಂಎಂವರೆಗೆ ಜೂಮ್ ಆಗುವುದು) ಮೇಲೆ ಐಎಸ್ ಅನ್ನುವ ಅಕ್ಷರ ಇದೆಯಾ ನೋಡಿ. ಕೈ ನಡುಕ ತಡೆಯುವ ಆ ವ್ಯವಸ್ಥೆ ಇಲ್ಲದ 18-55 ಲೆನ್ಸ್ ಕೂಡ ಮಾರುಕಟ್ಟೆಯಲ್ಲಿ ಓಡಾಡುತ್ತಿದೆ, ನೋಡಲು ಹೆಚ್ಚುಕಮ್ಮಿ ಒಂದೇ ಥರ. ನಿಕಾನ್‌ನಲ್ಲಾದರೆ ವಿಆರ್ ಅಂತ ಇರುತ್ತದೆ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ನಂಬರಿಗೆ ಹೊಂದಬೇಕು. ಬಿಲ್ ಇಲ್ಲ ಅಂದರೆ ವ್ಯಾಪಾರವೂ ಇಲ್ಲ.

ಉಳಿದ ದುಡ್ಡಿನಲ್ಲಿ ಒಂದು 32 ಜಿಬಿ ಕಾರ್ಡ್, ಧೂಳು ಊದುವ ರಬ್ಬರ್ ಬ್ಲೋವರ್ ತನ್ನಿ. ಗಾಳಿ ಆಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಮತ್ತು ಸಿಲಿಕಾ ಜೆಲ್ ಕೂಡ ಬೇಕು. ಈ ಡಬ್ಬ ನಿಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ರೇಷ್ಮೆ ಹುಳು ಸಾಕುವ ಹುಳುಮನೆಯ ತೇವ ಲೆನ್ಸಿಗೆ ಆಗುವುದಿಲ್ಲ. ಕ್ಯಾಮೆರಾವನ್ನು ರಾತ್ರಿಯಿಡೀ ಅಲ್ಲಿ ಬಿಡಬೇಡಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಫಿಲ್ಟರ್, ಬ್ಯಾಗ್, ಆರುನೂರು ರೂಪಾಯಿಯ ಟ್ರೈಪಾಡ್ ಯಾವುದೂ ಬೇಡ. ಗಾಳಿಗೆ ಅಲುಗಾಡುವ ಟ್ರೈಪಾಡ್‌ಗಿಂತ ಜಗಲಿಯ ಕಟ್ಟೆ ವಾಸಿ.

ಈಗ ನಂದಿ ಬೆಟ್ಟದ ಮಾತು. 1,478 ಮೀಟರ್ ಎತ್ತರ, ಮಂಜು, ಎದುರಿಗೆ ಬೆಟ್ಟಗಳ ಸಾಲು. ಆಸೆ ಸಹಜ. ಆದರೆ ಹೊಸಬರು ಕಲಿಯಲು ಅದರಷ್ಟು ಕೆಟ್ಟ ಜಾಗ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕಿಟ್ ಲೆನ್ಸಿನಲ್ಲಿ ದೂರದ ಬೆಟ್ಟ ಎಳ್ಳಷ್ಟಾಗಿ ಕಾಣುತ್ತದೆ. ಒಳ್ಳೆಯ ಬೆಳಕು ಕೆಲವೇ ನಿಮಿಷ ಇರುತ್ತದೆ. ಅಷ್ಟರಲ್ಲಿ ನೀವು ಯಾವ ಬಟನ್ ಎಲ್ಲಿದೆ ಅಂತ ಹುಡುಕುತ್ತಿರುತ್ತೀರಿ. ಭಾನುವಾರವಾದರೆ ಮುಂದೆ ನಿಂತವರ ಸೆಲ್ಫಿ ಕೈಗಳು ಬೇರೆ. ತಪ್ಪಾದದ್ದು ಏನು ಅಂತ ಗೊತ್ತಾಗುವ ಹೊತ್ತಿಗೆ ಮನೆಗೆ ಬಂದಿರುತ್ತೀರಿ, ಮತ್ತೆ ಹೋಗಲು ಇನ್ನೊಂದು ರಜೆ ಬೇಕು. ಕಲಿಕೆ ಹಾಗೆ ಆಗುವುದಿಲ್ಲ. ಚಿತ್ರ ಕೆಟ್ಟರೆ ಅಲ್ಲೇ, ಅದೇ ಬೆಳಕಿನಲ್ಲಿ, ಇನ್ನೊಮ್ಮೆ ತೆಗೆಯುವಂತಿರಬೇಕು.

ಅಗ್ಗದ ಕ್ಯಾಮೆರಾ, ಕಿಟ್ ಲೆನ್ಸ್ ಎರಡಕ್ಕೂ ದೂರ ಅಂದರೆ ಕಷ್ಟ. ಹತ್ತಿರ ಅಂದರೆ ಬಹಳ ಚೆನ್ನಾಗಿ ದುಡಿಯುತ್ತವೆ. ಕ್ಯಾನನ್‌ನ 18-55 ಐಎಸ್ 2 ಲೆನ್ಸ್ 25 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ಇದನ್ನು ಅಳೆಯುವುದು ಲೆನ್ಸಿನ ತುದಿಯಿಂದಲ್ಲ, ಒಳಗಿನ ಸೆನ್ಸರ್‌ನಿಂದ. ಹೀಗಾಗಿ ಲೆನ್ಸಿನ ಮೂತಿ ವಸ್ತುವಿಗೆ ಇನ್ನೂ ಹತ್ತಿರ ಇರುತ್ತದೆ. 55ಕ್ಕೆ ತಿರುಗಿಸಿ ಅಷ್ಟು ಹತ್ತಿರ ಹೋದರೆ ಸುಮಾರು ಆರೂವರೆ ಸೆಂಟಿಮೀಟರ್ ಅಗಲದ ಜಾಗ ಇಡೀ ಚಿತ್ರವನ್ನು ತುಂಬುತ್ತದೆ. ಅಂದರೆ ಒಂದೇ ಒಂದು ರೇಷ್ಮೆ ಗೂಡು ಅರ್ಧ ಫ್ರೇಮ್ ಹಿಡಿಯುತ್ತದೆ. ತೀರಾ ಹತ್ತಿರದ್ದನ್ನು ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸ್ ಇಲ್ಲದೆ ಇಷ್ಟು ಸಿಕ್ಕರೆ ಇನ್ನೇನು ಬೇಕು? ಎಲ್ಲರೂ ಹೊಗಳುವ 50 ಎಂಎಂ ಎಫ್ 1.8 ಲೆನ್ಸ್ ಕೂಡ ಇಷ್ಟು ಹತ್ತಿರ ಹೋಗುವುದಿಲ್ಲ, 35 ಸೆಂಟಿಮೀಟರಿಗೇ ನಿಲ್ಲುತ್ತದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಮನೆಯ ಹುಳುಮನೆಯಿಂದಲೇ ಶುರು ಮಾಡಿ. ಬೆಂಗಳೂರಿನವರು ಹುಡುಕಿಕೊಂಡು ಬರುವ ವಿಷಯ ನಿಮ್ಮ ಹಿತ್ತಲಲ್ಲಿದೆ. ಒಂದು ಬೆಳೆ ಅಂದರೆ ಹೆಚ್ಚುಕಮ್ಮಿ ಒಂದು ತಿಂಗಳು. ಚಾಕಿ ಹುಳುವಿನಿಂದ, ಅಂದರೆ ಮರಿ ಹುಳುವಿನಿಂದ ಹಿಡಿದು ಗೂಡು ಮಾರುಕಟ್ಟೆಗೆ ಹೋಗುವವರೆಗೆ ಒಂದು ಪೂರ್ತಿ ಕಥೆ ಅದು. ಒಳಗೆ ಹೋಗಲು ಯಾರನ್ನೂ ಕೇಳಬೇಕಾಗಿಲ್ಲ, ನಿಮ್ಮ ತಂದೆಯವರನ್ನು ಬಿಟ್ಟು.

ಮೊದಲು ಬೆಳಕು ನೋಡುವುದು ಕಲಿಯಿರಿ. ಮೇಲಿನ ಲೈಟೆಲ್ಲ ಆರಿಸಿ, ಒಂದು ಕಿಟಕಿ ಮಾತ್ರ ತೆರೆದಿರಲಿ. ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ತನ್ನಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ನಿಂತು ಒಂದು ತೆಗೆಯಿರಿ. ಬೆಳಕು ಪಕ್ಕದಿಂದ ಬೀಳುವಂತೆ ನಿಂತು ಇನ್ನೊಂದು. ಬೆಳಕಿಗೆ ಎದುರಾಗಿ ಮತ್ತೊಂದು. ಮೊದಲನೆಯದರಲ್ಲಿ ಹುಳು ಚಪ್ಪಟೆಯಾಗಿ ಕಾಣುತ್ತದೆ. ಎರಡನೆಯದರಲ್ಲಿ ಅದರ ಮೈಯ ಮಡಿಕೆ, ಸೊಪ್ಪಿನ ನರ ಎದ್ದು ಬರುತ್ತವೆ. ಮೂರನೆಯದನ್ನು ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮಾಡಿ ನೋಡಿ. ಹಣ್ಣು ಹುಳುವಿನ ಮೈಯೊಳಗಿಂದ ಬೆಳಕು ಹಾಯುತ್ತದೆ. ಕ್ಯಾಮೆರಾ ಅದೇ, ಲೆನ್ಸ್ ಅದೇ, ನೀವು ಎರಡು ಹೆಜ್ಜೆ ಸರಿದಿದ್ದೀರಿ ಅಷ್ಟೆ. ನೆರಳಿನ ಕಡೆ ತುಂಬಾ ಕಪ್ಪಾದರೆ ಅಲ್ಲಿ ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ. ಸ್ಟುಡಿಯೋದವರ ರಿಫ್ಲೆಕ್ಟರ್ ಮಾಡುವ ಕೆಲಸವೂ ಇಷ್ಟೇ.

ಕ್ಯಾಮೆರಾದ ಫ್ಲ್ಯಾಶ್ ಬೇಡ. ಚಿತ್ರ ಕೆಡುತ್ತದೆ ಅನ್ನುವುದು ಒಂದು. ಚಂದ್ರಂಕಿಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ, ಬಿಟ್ಟ ಹುಳುಗಳಿಗೆ ಒಂದೇ ಕಡೆಯಿಂದ ಜೋರು ಬೆಳಕು ಬಿದ್ದರೆ ಅವು ಕತ್ತಲ ಕಡೆಗೆ ಸರಿದು ಗುಂಪಾಗುತ್ತವೆ, ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡು ಜಾಸ್ತಿಯಾಗುತ್ತದೆ. ಇದು ನನಗಿಂತ ನಿಮ್ಮ ತಂದೆಗೆ ಚೆನ್ನಾಗಿ ಗೊತ್ತು. ಆದ್ದರಿಂದ ಕಿಟಕಿ ತೆರೆದು ಮಾಡುವ ಅಭ್ಯಾಸವನ್ನೂ ನಾಲ್ಕಾರು ಹುಳು ಬೇರೆ ತಟ್ಟೆಗೆ ತೆಗೆದುಕೊಂಡು ಮಾಡಿ. ಕೈಕಾಲು ತೊಳೆದು ಒಳಗೆ ಹೋಗುವ ನಿಯಮ ಕ್ಯಾಮೆರಾ ಹಿಡಿದವನಿಗೂ ಇದೆ. ಗೆಳೆಯರನ್ನು ಕರೆದುಕೊಂಡು ಹೋಗಿ ರೋಗ ಅಂಟಿಸಿದರೆ ನಿಮ್ಮ ಫೋಟೋಗ್ರಫಿ ಅಲ್ಲಿಗೇ ಮುಗಿಯಿತು! ಸುಣ್ಣದ ಪುಡಿ ಎರಚುವ ದಿನ, ಔಷಧ ಹೊಡೆಯುವ ದಿನ ಕ್ಯಾಮೆರಾ ಡಬ್ಬದಲ್ಲೇ ಇರಲಿ. ಲೆನ್ಸ್ ಬದಲಿಸುವುದಂತೂ ಅಲ್ಲಿ ಯಾವತ್ತೂ ಬೇಡ. 1500ಡಿಯಲ್ಲಿ ಸೆನ್ಸರ್ ತನ್ನಷ್ಟಕ್ಕೆ ಧೂಳು ಕೊಡವಿಕೊಳ್ಳುವ ಸೌಲಭ್ಯ ಇಲ್ಲ.

ಕ್ಯಾಮೆರಾವನ್ನು ಎವಿ ಮೋಡಿನಲ್ಲಿ ಇಡಿ, ನಿಕಾನ್ ಆದರೆ ಎ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) ನೀವು ಆರಿಸುತ್ತೀರಿ, ಶಟರ್ ಸ್ಪೀಡ್ (ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದು) ಅದು ನೋಡಿಕೊಳ್ಳುತ್ತದೆ. ಮೊದಲ ದಿನವೇ ಮ್ಯಾನ್ಯುಯಲ್ ಮೋಡ್ ಅಂತ ಹಟ ಮಾಡುವವರನ್ನು ನಂಬಬೇಡಿ. ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಶಟರ್ ಸ್ಪೀಡ್ ಮೇಲೆ ಒಂದು ಕಣ್ಣಿರಲಿ. 55ರಲ್ಲಿ ತೆಗೆಯುವಾಗ ಅದು 1/90ಕ್ಕಿಂತ ಕೆಳಗೆ ಹೋದರೆ ಕೈ ನಡುಕ ಕಾಣುವ ಸಾಧ್ಯತೆ ಇದೆ. ಐಎಸ್ ಇದ್ದರೆ ಇನ್ನೂ ಕೆಳಗೆ ಹೋಗಬಹುದು. ಆದರೆ ಐಎಸ್ ತಡೆಯುವುದು ನಿಮ್ಮ ಕೈಯ ಅಲುಗಾಟವನ್ನು, ಹುಳುವಿನದನ್ನಲ್ಲ. ಬೆಳಕು ಕಡಿಮೆ ಆದರೆ ಐಎಸ್‌ಒ 1600ವರೆಗೆ ಏರಿಸಲು ಹೆದರಬೇಡಿ. ಕಾಳುಕಾಳಾದ ಚಿತ್ರ ನೋಡಬಹುದು, ಅಲುಗಾಡಿದ್ದು ನೋಡಲಾಗದು. ಫೋಕಸ್‌ಗೆ ಮಧ್ಯದ ಚುಕ್ಕೆ ಒಂದನ್ನೇ ಆರಿಸಿ. 1500ಡಿಯ ಒಂಬತ್ತು ಚುಕ್ಕೆಗಳಲ್ಲಿ ಮಬ್ಬಿನಲ್ಲಿ ನಂಬಬಹುದಾದದ್ದು ಅದೊಂದೇ.

ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಂದು ಬರಬಹುದು. ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು, ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50ರಲ್ಲಿ ಇದ್ದರೆ ಮಿನುಗಿನ ಪೂರ್ತಿ ಸುತ್ತು ಸಿಗುತ್ತದೆ, ಬಣ್ಣ ಸ್ಥಿರವಾಗುತ್ತದೆ.

ಇನ್ನು ನಿಮ್ಮ ಮನೆಯಲ್ಲೇ ಕಲಿಯಬಹುದಾದ ಅತಿ ದೊಡ್ಡ ಪಾಠ. ಚಂದ್ರಂಕಿ ತುಂಬಾ ಬಿಳಿ ಗೂಡು ಇದ್ದಾಗ ಒಂದು ಚಿತ್ರ ತೆಗೆಯಿರಿ. ಗೂಡು ಬೂದು ಬಣ್ಣಕ್ಕೆ ಬರುತ್ತದೆ, ಹಳೇ ಬಟ್ಟೆಯ ಹಾಗೆ. ಕ್ಯಾಮೆರಾಗೆ ಗೂಡು, ಗೋಡೆ, ಕಲ್ಲು ಅಂತ ಗೊತ್ತಿಲ್ಲ. ಎದುರಿಗಿರುವುದು ಏನೇ ಆಗಲಿ, ಸರಾಸರಿಯಾಗಿ ನಡುವಣ ಬೂದಿಯಷ್ಟು ಬೆಳಕು ಬರಲಿ ಅಂತ ಅದು ಲೆಕ್ಕ ಹಾಕುತ್ತದೆ. ಎಲ್ಲವೂ ಬಿಳಿ ಇದ್ದರೆ ಬೆಳಕು ಜಾಸ್ತಿ ಆಯಿತು ಅಂದುಕೊಂಡು ಕಡಿಮೆ ಮಾಡುತ್ತದೆ. ಹೀಗಾಗಿ ನೀವು ಅದಕ್ಕೆ ಹೇಳಬೇಕು. 1500ಡಿಯಲ್ಲಿ ಹಿಂದುಗಡೆಯ ಎವಿ ಬಟನ್ ಒತ್ತಿಹಿಡಿದು ಮೇಲಿನ ಚಕ್ರ ತಿರುಗಿಸಿ, +1ಕ್ಕೆ ತನ್ನಿ. ಈಗ ತೆಗೆಯಿರಿ. ಗೂಡು ಬಿಳಿಯಾಗಿರುತ್ತದೆ. ಸಾಲದಿದ್ದರೆ ಇನ್ನೊಂದು ಚೂರು. ಗೂಡಿನ ಮೇಲಿನ ನೂಲಿನ ಎಳೆ ಮಾಯವಾಗಿ ಬರೀ ಸುಣ್ಣದ ಉಂಡೆಯಾದರೆ ಜಾಸ್ತಿಯಾಯಿತು ಅಂತ ತಿಳಿಯಿರಿ, ಹಿಂದಕ್ಕೆ ಬನ್ನಿ. ಇದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನುತ್ತಾರೆ. ಹೆಸರು ಮರೆತರೂ ನಷ್ಟವಿಲ್ಲ, ಬೆರಳು ಮರೆಯಬಾರದು.

ಇದರ ಉಲ್ಟಾ ಪಾಠಕ್ಕೆ ಬೆಟ್ಟದ ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಅಲ್ಲಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳನ್ನು ತೆಗೆಯಿರಿ. ಕಲ್ಲು ಕಪ್ಪಿದೆ ಅಂತ ಕ್ಯಾಮೆರಾ ಬೆಳಕು ಏರಿಸುತ್ತದೆ, ಕೆತ್ತನೆ ಬಿಳಿಚಿಕೊಳ್ಳುತ್ತದೆ. ಇಲ್ಲಿ −1. ಬಳ್ಳಿ, ಹಕ್ಕಿ, ಕೆತ್ತನೆಯ ಆಳ ಎಲ್ಲ ವಾಪಸ್ ಬರುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಬೇಡಿ, ಬೆಳಿಗ್ಗೆ ಅಥವಾ ನಾಲ್ಕರ ಮೇಲೆ ಪಕ್ಕದಿಂದ ಬೆಳಕು ಬರುವಾಗ ಹೋಗಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಸ್ಥಾನ. ಟ್ರೈಪಾಡ್ ಇಟ್ಟು ತೆಗೆಯಲು ಅನುಮತಿ ಬೇಕು. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತಬೇಡಿ.

ಇವೆರಡೂ ಕೈಗೆ ಹತ್ತಿದ ಮೇಲೆ ಬೆಟ್ಟ ಹತ್ತಿ. ಮಂಜು ಅಂದರೂ ಬಿಳಿಯೇ ಅಲ್ವಾ? ಗೂಡಿನಲ್ಲಿ ಕಲಿತದ್ದೇ ಅಲ್ಲೂ ನಡೆಯುತ್ತದೆ, +1. ಪಕ್ಕದಲ್ಲಿ ದೊಡ್ಡ ಕ್ಯಾಮೆರಾ ಹಿಡಿದವರ ಮಂಜು ಕೊಳಕು ಬೂದಿಯಾಗಿ ಬಂದಿರುತ್ತದೆ, ನಿಮ್ಮದು ಬಿಳಿಯಾಗಿರುತ್ತದೆ. ಸೂರ್ಯನೇ ಚಿತ್ರದೊಳಗೆ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ, ಮೈನಸ್ ಕಡೆಗೆ ತಿರುಗಿಸಿ. ಸೂರ್ಯ ಮೇಲೆ ಬಂದ ಮೇಲೆ ವ್ಯೂಫೈಂಡರ್ ಮೂಲಕ ಅದನ್ನೇ ದಿಟ್ಟಿಸಬೇಡಿ, ಕಣ್ಣಿಗೆ ಅಪಾಯ. ದೂರದ ಬೆಟ್ಟ ಚಿಕ್ಕದಾಗಿ ಕಾಣುವುದಕ್ಕೆ ಉಪಾಯ ಮತ್ತೆ ಹತ್ತಿರದ್ದೇ. ಒಂದು ಮರದ ಕೊಂಬೆ, ಕೋಟೆಯ ಗೋಡೆ, ಶಾಲು ಹೊದ್ದು ಕೂತವರು, ಏನಾದರೂ ಒಂದು ಮುಂದೆ ಇರಲಿ.

ಶಟರ್ ಸ್ಪೀಡ್ ಕಲಿಯಲು ನಾಲ್ಕನೇ ಜ್ವರ, ಅಂದರೆ ಹುಳು ಪೊರೆ ಬಿಡುವ ಹಂತ, ಎದ್ದ ಮೇಲಿನ ದಿನಗಳು ಚೆನ್ನ. ಸೊಪ್ಪು ತಂದು ಹಾಕಿ ಸಾಕಾಗುವಷ್ಟು ಕೆಲಸ ಇರುತ್ತದೆ. ಶಟರ್ ಸ್ಪೀಡ್ ನೀವೇ ಆರಿಸುವ ಟಿವಿ ಮೋಡಿಗೆ ಬನ್ನಿ, ನಿಕಾನ್‌ನಲ್ಲಿ ಎಸ್. ಸೊಪ್ಪು ಹರಡುವ ಕೈಯನ್ನು 1/500ರಲ್ಲಿ ತೆಗೆದರೆ ಎಲೆ ಗಾಳಿಯಲ್ಲಿ ನಿಲ್ಲುತ್ತದೆ. 1/15ರಲ್ಲಿ ತೆಗೆದರೆ ಕೈ ಗೆರೆಯಾಗಿ ಎಳೆದುಕೊಳ್ಳುತ್ತದೆ. ಯಾವುದು ಸರಿ ಅಂತ ಇಲ್ಲ, ಎರಡೂ ಬೇಕು. ಆದರೆ ಕೆಲಸದ ಹೊತ್ತಲ್ಲಿ ಬರೀ ಫೋಟೋ ತೆಗೆಯುತ್ತಾ ನಿಂತರೆ ಮನೆಯವರು ಸುಮ್ನೆ ಬಿಡುವುದಿಲ್ಲ. ಮೊದಲು ಒಂದು ಹೊರೆ ಹೊತ್ತು ಬನ್ನಿ.

ಆಮೇಲೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಗೂಡು ಸುರಿಯುವ ಹೊತ್ತು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಬೊಗಸೆಯಲ್ಲಿ ಹಿಡಿದು ನೋಡುವ ಹೊತ್ತು ಬಹಳ ಚೆನ್ನ. ಮೊದಲ ದಿನ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಸುಮ್ಮನೆ ಬೆಳಕು ಎಲ್ಲಿಂದ ಬರುತ್ತದೆ ನೋಡಿ. ಕಚೇರಿಯಲ್ಲಿ ಒಂದು ಮಾತು ಕೇಳಿ. ದರ ಕಡಿಮೆ ಬಂದು ಮುಖ ಸಣ್ಣದಾದ ರೈತನನ್ನು ಕೇಳದೆ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ತೆಗೆದವರಿಗೆ ಒಂದು ಪ್ರಿಂಟ್ ಕೊಡಿ. ಮುಂದಿನ ಸಲ ಅವರೇ ಕರೆಯುತ್ತಾರೆ.

50 ಎಂಎಂ ಎಫ್ 1.8 ಲೆನ್ಸ್ ಯಾವಾಗ ಕೊಳ್ಳಬೇಕು? ಆರು ತಿಂಗಳು ತಡೆಯಿರಿ. ಅದು ಕಿಟ್ ಲೆನ್ಸಿನ 55ರ ತುದಿಗಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮಬ್ಬಿನಲ್ಲಿ ಮುಖ ತೆಗೆಯಲು ಅದರಷ್ಟು ಅಗ್ಗದ ಸಾಧನ ಇಲ್ಲ. ಆದರೆ ಹಿನ್ನೆಲೆ ಮಂಜಾಗುತ್ತದೆ ಅನ್ನುವ ಖುಷಿಯಲ್ಲಿ ಹೊಸಬರು ಎಲ್ಲವನ್ನೂ 1.8ರಲ್ಲೇ ತೆಗೆಯುತ್ತಾರೆ. ಹಿನ್ನೆಲೆಯಲ್ಲಿ ಏನಿರಬೇಕು ಅಂತ ಯೋಚಿಸುವುದನ್ನೇ ಬಿಡುತ್ತಾರೆ. ಹುಳುಮನೆಯಲ್ಲಿ ಹಿನ್ನೆಲೆಯೇ ಅರ್ಧ ಕಥೆ.

ಕೋರ್ಸಿನ ವಿಷಯ. ಈಗ ಬೇಡ. ಕ್ಯಾಮೆರಾದ ಕೈಪಿಡಿ ಕಂಪನಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಅದನ್ನು ಪೂರ್ತಿ ಓದಿದವರು ಬಹಳ ಕಡಿಮೆ. ರಾ ಫೈಲ್‌ನಲ್ಲೂ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ತೆಗೆಯಿರಿ. ಅದನ್ನು ತಿದ್ದಲು ಕ್ಯಾನನ್‌ನ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೋ, ಯಾವ ಕಂಪನಿಯದಕ್ಕೂ ಆಗುವ ಡಾರ್ಕ್‌ಟೇಬಲ್ ಇವೆ. ಮೂರಕ್ಕೂ ದುಡ್ಡಿಲ್ಲ. ಕೋರ್ಸಿಗಿಂತ ನಿಮಗೆ ಬೇಕಾಗಿರುವುದು ಮುಖ ನೋಡದೆ ತಪ್ಪು ಹೇಳುವ ಒಬ್ಬರು. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ. ಅವರ ಕಾರ್ಯಕ್ರಮ ಯಾವಾಗ ಅಂತ ತಿಳಿದುಕೊಂಡು ಒಂದು ಭಾನುವಾರ ಹೋಗಿ ಬನ್ನಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಪಡೆದ ಛಾಯಾಗ್ರಾಹಕ ಅವರು. ಚಿತ್ರದಲ್ಲಿ ಇರುವವರು ಮಾತ್ರ ಬಹುಪಾಲು ಸಾಮಾನ್ಯ ಜನ, ಶಾಲೆ ಮಕ್ಕಳು, ಬೀದಿ. ಒಂದೊಂದು ಚಿತ್ರದಲ್ಲೂ ಬೆಳಕು ಎತ್ತಲಿಂದ ಬಿದ್ದಿದೆ, ಅವರು ಎಷ್ಟು ಹತ್ತಿರ ನಿಂತಿದ್ದಾರೆ ಅಂತ ಗಮನಿಸಿ. ತಿಂಗಳಿಗೆ ನಿಮ್ಮ ಹತ್ತು ಚಿತ್ರ ಆರಿಸಿ ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಮೊಬೈಲ್ ಪರದೆಯಲ್ಲಿ ಮುಚ್ಚಿಹೋದ ತಪ್ಪು ಕಾಗದದ ಮೇಲೆ ಕಾಣುತ್ತದೆ.

ಕೊನೆಯದು ಮದುವೆ. ದುಡಿಯಬಹುದು, ಆದರೆ ಈ ಒಂದೇ ಕ್ಯಾಮೆರಾ ಹಿಡಿದು ಪೂರ್ತಿ ಮದುವೆ ಒಪ್ಪಿಕೊಳ್ಳಬೇಡಿ. ಇದರಲ್ಲಿ ಕಾರ್ಡ್ ಹಾಕುವ ಜಾಗ ಒಂದೇ. ಧಾರೆಯ ಹೊತ್ತಿಗೆ ಕಾರ್ಡ್ ಕೈಕೊಟ್ಟರೆ ಇನ್ನೊಮ್ಮೆ ಧಾರೆ ಎರೆಯಿರಿ ಅನ್ನಲಾಗುತ್ತದಾ? ಒಂದು ಬೆಳೆಯ ಚಿತ್ರಗಳ ಪ್ರಿಂಟ್ ಹಿಡಿದು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಾದರೂ ಒಂದು ಸ್ಟುಡಿಯೋಗೆ ಹೋಗಿ. ಎರಡನೇ ಕ್ಯಾಮೆರಾದವನಾಗಿ ಬರುತ್ತೇನೆ ಅಂತ ಕೇಳಿ. ಮುಖ್ಯ ಫೋಟೋಗ್ರಾಫರ್ ಮಂಟಪದಲ್ಲಿರುತ್ತಾರೆ. ನೀವು ಹೂ ಕಟ್ಟುವ ಅಜ್ಜಿ, ಅಡುಗೆ ಮನೆ, ವಧುವಿನ ಕೋಣೆಯ ಕಿಟಕಿ ಬೆಳಕು ನೋಡಿಕೊಳ್ಳಿ. ನಿಮಗೆ ಅಭ್ಯಾಸವಾಗಿರುವುದೂ ಅದೇ. ಪುಕ್ಕಟೆ ಮಾತ್ರ ಹೋಗಬೇಡಿ. ಮೊದಲ ಮದುವೆಯಾದರೂ ಬಸ್ ಚಾರ್ಜು, ಊಟ, ದಿನಗೂಲಿ ಎಷ್ಟು ಅಂತ ಹಿಂದಿನ ದಿನವೇ ಮಾತಾಡಿಕೊಳ್ಳಿ. ತೆಗೆದ ಚಿತ್ರಗಳಲ್ಲಿ ನಾಲ್ಕನ್ನು ನಿಮ್ಮ ಹೆಸರಲ್ಲಿ ತೋರಿಸಿಕೊಳ್ಳಬಹುದಾ ಅನ್ನುವುದನ್ನೂ ಆಗಲೇ ಕೇಳಿಬಿಡಿ.